ನಾಲ್ಕು ಸಲ 'ಎಚ್' ಅಂತ ಪ್ರಿಂಟ್ ಆಗಿತ್ತು, ಯಾರೂ ಯಾಕೆ ಓದ್ಲಿಲ್ಲ? ಡಾಕ್ಟರ್‌ಗಳಿಗೂ ಆರೋಗ್ಯ ಇಲಾಖೆಗೂ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ, ಮತ್ತೆ ಮುಖ್ಯವಾಗಿ ನಮ್ಮ ರಾಜ್ಯದಲ್ಲಿ ಕೀಲುನೋವು, ಥೈರಾಯ್ಡ್ ಅಂತ ಬರೋ ಪೇಷಂಟ್‌ಗಳನ್ನ ದಿನಾ ನೋಡೋ ಡಾಕ್ಟರ್‌ಗಳಿಗೆ,

ನಮಸ್ಕಾರಗಳು.

ನಾನು ತಿಪಟೂರು ಕಡೆ ಒಂದು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡೋ ಮೇಷ್ಟ್ರು. ಡಾಕ್ಟರ್ ಅಲ್ಲ, ಡಾಕ್ಟರ್‌ಗಿಂತ ಜಾಸ್ತಿ ಗೊತ್ತು ಅನ್ನೋ ಜಾತಿಯವನೂ ಅಲ್ಲ. ನಮ್ಮಮ್ಮನ ಜೊತೆ ಹತ್ತು ವರ್ಷ ಆಸ್ಪತ್ರೆ ಬೆಂಚುಗಳ ಮೇಲೆ ಕೂತು ಎದ್ದು ಮಾಡಿದವನು ಅಷ್ಟೇ. ಈ ಪತ್ರದಲ್ಲಿ ಯಾವ ಆಸ್ಪತ್ರೆ ಹೆಸರೂ ಇಲ್ಲ, ಯಾವ ಡಾಕ್ಟರ್ ಹೆಸರೂ ಇಲ್ಲ, ಬರೆಯೋ ಉದ್ದೇಶವೂ ಇಲ್ಲ, ಯಾಕಂದ್ರೆ ತಪ್ಪು ಯಾರೋ ಒಬ್ರದ್ದು ಆಗಿದ್ರೆ ಅವರ ಮುಂದೆನೇ ಹೋಗಿ ಜಗಳ ಆಡಿ ಬರ್ತಿದ್ದೆ, ಆದ್ರೆ ನಾಲ್ಕು ಊರಿನ ಆರೇಳು ಜನ ಓದಿದವರು ಅಮ್ಮನ ರಕ್ತ ಪರೀಕ್ಷೆ ರಿಪೋರ್ಟಲ್ಲಿ ಕ್ಯಾಲ್ಸಿಯಂ ಅನ್ನೋ ಒಂದೇ ಸಾಲನ್ನ ಬಿಟ್ಟು ಮುಂದೆ ಹೋಗಿದ್ದಾರೆ ಅಂದ್ರೆ ಅದು ಒಬ್ಬರ ಮೇಲೆ ಹಾಕೋ ವಿಷಯ ಅಲ್ಲ.

ಅಮ್ಮನಿಗೆ 2012ರಲ್ಲಿ ಥೈರಾಯ್ಡ್ ಅಂತ ಗೊತ್ತಾಯ್ತು. ಥೈರಾಯ್ಡ್ ಹೆಂಗಿದೆ ಅಂತ ತೋರಿಸೋ ಟಿಎಸ್‌ಎಚ್ ಜಾಸ್ತಿ, ಥೈರಾಯ್ಡ್ ಮೇಲೇ ತಿರುಗಿಬೀಳೋ ಟಿಪಿಒ ಆಂಟಿಬಾಡಿ ಸಿಕ್ಕಾಪಟ್ಟೆ ಜಾಸ್ತಿ, ಹಾಶಿಮೋಟೊ ಅಂದ್ರು. ಅಂದ್ರೆ ನಮ್ಮ ದೇಹದ ಕಾವಲುಗಾರರೇ ನಮ್ಮ ಥೈರಾಯ್ಡ್ ಮೇಲೆ ಬಿದ್ದು ಹೊಡೆಯೋದು, ಇಂಥವಕ್ಕೆ ಆಟೋಇಮ್ಯೂನ್ ಕಾಯಿಲೆ ಅಂತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ಶುರುವಾಯ್ತು, ಸರಿನೂ ಹೋಯ್ತು. 2016ರಲ್ಲಿ ಬೆರಳ ಗೆಣ್ಣು ಊದೋಕೆ ಶುರು, ಬೆಳಿಗ್ಗೆ ಎದ್ರೆ ಒಂದು ಗಂಟೆ ಮುಷ್ಟಿ ಕಟ್ಟೋಕೆ ಆಗ್ತಿರ್ಲಿಲ್ಲ. ರಕ್ತ ಪರೀಕ್ಷೆ ಮಾಡಿ ರುಮಟಾಯ್ಡ್ ಆರ್ಥ್ರೈಟಿಸ್ ಅಂದ್ರು, ಕಾವಲುಗಾರರು ಕೀಲುಗಳ ಮೇಲೆ ಬೀಳೋದು, ಇದೂ ಆಟೋಇಮ್ಯೂನೇ. ವಾರಕ್ಕೊಂದು ದಿನ ಮೆಥೋಟ್ರೆಕ್ಸೇಟ್, ಉಳಿದ ದಿನ ಫೋಲಿಕ್ ಆಸಿಡ್, ಜೊತೆಗೆ ಸಣ್ಣ ಡೋಸ್ ಸ್ಟೀರಾಯ್ಡ್. ಇಲ್ಲೀವರೆಗೂ ಒಂದಕ್ಷರ ತಪ್ಪಿಲ್ಲ, ಎರಡೂ ಕಾಯಿಲೆ ನಿಜವಾಗ್ಲೂ ಇದ್ವು, ಈಗ್ಲೂ ಇವೆ. ಬೆರಳ ಊತ ಆರು ತಿಂಗಳಲ್ಲಿ ಇಳೀತು.

ತೊಂದರೆ ಶುರುವಾಗಿದ್ದು ಅದಾದ ಮೇಲೆ. ಊತ ಇಳಿದ್ರೂ ಅಮ್ಮ ಇಳೀತಾನೇ ಹೋದ್ಲು. ಮೂಳೆನೋವು, ಕೀಲಲ್ಲಿ ಅಲ್ಲ, ಮೂಳೆ ಒಳಗೆ, ಮೊಣಕಾಲ ಕೆಳಗೆ ಯಾರೋ ಸುತ್ತಿಗೇಲಿ ಮೆಲ್ಲಗೆ ಕುಟ್ಟಿದಂಗೆ ಅಂತ ಹೇಳ್ತಿದ್ಲು. ಮಲಬದ್ಧತೆ, ಬಾಯಾರಿಕೆ, ರಾತ್ರಿ ನಾಲ್ಕು ಸಲ ಎದ್ದು ಹೋಗೋದು (ಶುಗರ್ ಇರ್ಬೇಕು ಅಂತ ಮೂರು ಸಲ ಟೆಸ್ಟ್ ಮಾಡಿಸಿದ್ವಿ, ಇರ್ಲಿಲ್ಲ). ಹಾಲು ಒಲೆ ಮೇಲಿಟ್ಟು ಮರೆಯೋದು. ಇಡೀ ಜೀವಮಾನ ನಮ್ಮನೇಲಿ ಹತ್ತು ಜನಕ್ಕೆ ಮುದ್ದೆ ತಿರುವಿದ ಕೈಯಿ, ಕೋಲು ಹಿಡಿದು ನಾಲ್ಕು ಸುತ್ತು ತಿರುವೋದ್ರೊಳಗೆ "ಆಗಲ್ಲ ಕಣೋ, ತೋಳಲ್ಲಿ ಬಲನೇ ಇಲ್ಲ" ಅಂತ ಕೆಳಗೆ ಕೂತ್ಕೋತಿದ್ಲು. 2018ರಲ್ಲಿ ಕಿಡ್ನಿ ಸ್ಟೋನು. 2019ರಲ್ಲಿ ಇನ್ನೊಂದು. 2021ರಲ್ಲಿ ಸುಮ್ಮಸುಮ್ಮನೆ ಅಳೋದು ಶುರುವಾಗಿ ಅದಕ್ಕೊಂದು ಮಾತ್ರೆ.

ಪ್ರತಿ ಸಲ ಕೇಳಿದಾಗ್ಲೂ ಸಿಕ್ಕ ಉತ್ತರ ಹೆಚ್ಚುಕಮ್ಮಿ ಒಂದೇ. ಸುಸ್ತಾ, ಆಟೋಇಮ್ಯೂನ್ ಅಲ್ವಾ, ಇದ್ದಿದ್ದೇ. ಮೂಳೆನೋವಾ, ಆರ್ಥ್ರೈಟಿಸ್ ಅಮ್ಮಾ, ಇನ್ನೇನು. ಮರೆವಾ, ಥೈರಾಯ್ಡ್. ಮಲಬದ್ಧತೆನಾ, ಅದೂ ಥೈರಾಯ್ಡೇ. ಅಳುನಾ, ದೀರ್ಘಕಾಲದ ಕಾಯಿಲೆ ಇರೋರಿಗೆ ಸಹಜ. ಸ್ಟೋನಾ, ನೀರು ಜಾಸ್ತಿ ಕುಡೀಬೇಕು. ಒಂದೊಂದೂ ತಾನಾಗಿ ನೋಡಿದ್ರೆ ಸರಿಯಾದ ಉತ್ತರವೇ, ಅದೇ ಇದರ ಕಷ್ಟ. ನಮ್ಮ ಕಡೆ ಮನೆಗೊಂದು ಗೋಣಿಚೀಲ ಇರತ್ತೆ, ಎಲ್ಲೂ ಹಿಡಿಸದ ಸಾಮಾನೆಲ್ಲ ಅದರೊಳಕ್ಕೆ ಹೋಗತ್ತೆ. ಅಮ್ಮನ ಫೈಲ್‌ನಲ್ಲಿ 'ಆಟೋಇಮ್ಯೂನ್' ಅನ್ನೋ ಪದ ಹಂಗೇ ಆಗಿಹೋಗಿತ್ತು.

ಈಗ ಸಂಖ್ಯೆ ಹೇಳ್ತೀನಿ, ಮೇಷ್ಟ್ರು ಬುದ್ಧಿ, ಬಿಡಕ್ಕಾಗಲ್ಲ. ಅಮ್ಮನ ರಿಪೋರ್ಟ್‌ಗಳಲ್ಲಿ ಕ್ಯಾಲ್ಸಿಯಂ ಹಿಂಗಿತ್ತು: 2017ರಲ್ಲಿ 10.3, 2018ರಲ್ಲಿ ಸ್ಟೋನ್ ಬಂದಾಗ 10.9, 2019ರಲ್ಲಿ 11.2, 2021ರಲ್ಲಿ 11.0, 2022ರ ಜನವರೀಲಿ 11.4. ಲ್ಯಾಬ್‌ನೋರೇ ಪಕ್ಕದಲ್ಲಿ 8.5ರಿಂದ 10.5 ನಾರ್ಮಲ್ ಅಂತ ಪ್ರಿಂಟ್ ಮಾಡಿದಾರೆ, ಕೊನೆ ನಾಲ್ಕರ ಮುಂದೆ ಜಾಸ್ತಿ ಅನ್ನೋದಕ್ಕೆ 'ಎಚ್' ಅಕ್ಷರ ದಪ್ಪಕ್ಕೆ ಬಂದಿದೆ. ನಾಲ್ಕು ಸಲ. ಆ ಪೇಪರ್‌ಗಳ ಮೇಲೆ ಪೆನ್ನಲ್ಲಿ ಟಿಕ್ ಹಾಕಿರೋದು ಉರಿಯೂತ ತೋರಿಸೋ ಇಎಸ್‌ಆರ್ ಮೇಲೆ, ಸಿಆರ್‌ಪಿ ಮೇಲೆ, ಟಿಎಸ್‌ಎಚ್ ಮೇಲೆ, ಲಿವರ್ ಟೆಸ್ಟ್ ಮೇಲೆ. ಕ್ಯಾಲ್ಸಿಯಂ ಸಾಲಿನ ಹತ್ರ ಪೆನ್ನು ಹೋಗೇ ಇಲ್ಲ. ನಾನೂ ನೋಡಿದ್ದೆ ಸ್ವಾಮಿ, ಸುಳ್ಳು ಹೇಳಲ್ಲ. ನೋಡಿ ಏನಂದ್ಕೊಂಡೆ ಗೊತ್ತಾ, ಕ್ಯಾಲ್ಸಿಯಂ ಜಾಸ್ತಿ ಇದೆ ಅಂದ್ರೆ ಒಳ್ಳೇದೇ ಅಲ್ವಾ, ಮೂಳೆ ಗಟ್ಟಿ ಇರುತ್ತೆ ಅಂತ! ರಾಗಿ ತಿಂದು ಬೆಳೆದ ಮನೆ ನೋಡಿ, ಅದೇ ಕಾರಣ ಅಂತ ಒಳಗೊಳಗೆ ಹೆಮ್ಮೆನೂ ಪಟ್ಟಿದ್ದೆ. ಉಲ್ಟಾ. ರಕ್ತದಲ್ಲಿ ಜಾಸ್ತಿ ಇತ್ತು, ಯಾಕಂದ್ರೆ ಮೂಳೆಯಿಂದ ಖಾಲಿಯಾಗ್ತಿತ್ತು.

2022ರ ಜನವರೀಲಿ ಬಚ್ಚಲುಮನೇಲಿ ಕಾಲು ಜಾರಿ ಕೈ ಊರಿದ್ಲು, ಮಣಿಕಟ್ಟು ಮುರೀತು. ಸ್ಟೀರಾಯ್ಡ್ ತಗೊಳ್ಳೋರಿಗೆ ಮೂಳೆ ಸವೆಯತ್ತೆ ಅಂದ್ರು. ಇದೂ ನಿಜವೇ. ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ, ವಾರಕ್ಕೊಂದು 60,000 ಯೂನಿಟ್ಟಿನ ವಿಟಮಿನ್ ಡಿ ಸ್ಯಾಚೆ ಬರೆದು ಕಳಿಸಿದ್ರು. ಅದೇ ವಾರದ ರಿಪೋರ್ಟ್‌ನಲ್ಲಿ 11.4 ಅಂತ ಇದೆ, ಆ ಫೈಲ್ ಅದೇ ಮೇಜಿನ ಮೇಲಿತ್ತು. ನಾನೂ ಅಷ್ಟೇ ನಿಷ್ಠೆಯಿಂದ, ಹಾಲಲ್ಲಿ ಕಲಸಿ ಪ್ರತಿ ಭಾನುವಾರ ಕುಡಿಸಿದೆ. ಮೇ ತಿಂಗಳಲ್ಲಿ ಎರಡು ದಿನ ವಾಂತಿ, ಮಾತು ತೊದಲು, ನನ್ನನ್ನೇ "ಯಾರಪ್ಪಾ ನೀನು" ಅಂದ್ಲು. ರಾತ್ರಿ ಹನ್ನೊಂದಕ್ಕೆ ಕಾರು ಮಾಡ್ಕೊಂಡು ದೊಡ್ಡಾಸ್ಪತ್ರೆಗೆ ಹೋದ್ವಿ. ಕ್ಯಾಲ್ಸಿಯಂ 13.1.

ಅಲ್ಲಿ ಡ್ಯೂಟೀಲಿದ್ದದ್ದು ಒಂದು ಹುಡುಗಿ, ಇನ್ನೂ ಓದ್ತಾ ಇರೋ ಡಾಕ್ಟರು, ನಮ್ಮ ಹಳೇ ಸ್ಟೂಡೆಂಟ್ ವಯಸ್ಸು. ಡ್ರಿಪ್ ಹಾಕಿ, ಫೈಲ್ ತಗೊಂಡು ನೆಲದ ಮೇಲೆ ಹರಡ್ಕೊಂಡು ಹಿಂದಿನಿಂದ ಮುಂದಕ್ಕೆ ಓದಿದ್ಲು, ಮುಂದಿನಿಂದ ಹಿಂದಕ್ಕಲ್ಲ. ಆಮೇಲೆ ತಲೆ ಎತ್ತಿ "ಅಂಕಲ್, ಪಿಟಿಎಚ್ ಯಾವತ್ತಾದ್ರೂ ಮಾಡ್ಸಿದೀರಾ?" ಅಂತ ಕೇಳಿದ್ಲು. ಆ ಮೂರಕ್ಷರ ನಾನು ಹತ್ತು ವರ್ಷದಲ್ಲಿ ಮೊದಲನೇ ಸಲ ಕೇಳಿದ್ದು. ಮಾರನೇ ದಿನ ರಿಪೋರ್ಟ್ ಬಂತು, 338. ಇರಬೇಕಾದ್ದು 15ರಿಂದ 65.

ಇದೇನು ಅಂತ ಗೊತ್ತಿಲ್ಲದೋರಿಗೆ ನನಗೆ ಅರ್ಥ ಆದ ರೀತೀಲಿ ಹೇಳ್ತೀನಿ. ಕುತ್ತಿಗೇಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳು ಗಾತ್ರದ ನಾಲ್ಕು ಗ್ರಂಥಿ ಇರ್ತವೆ, ಪ್ಯಾರಾಥೈರಾಯ್ಡ್ ಅಂತ. ಹೆಸರು ಒಂದೇ ಥರ ಇದ್ರೂ ಥೈರಾಯ್ಡ್‌ಗೂ ಇವಕ್ಕೂ ಕೆಲಸದಲ್ಲಿ ಸಂಬಂಧ ಇಲ್ಲ. ರಕ್ತದ ಕ್ಯಾಲ್ಸಿಯಂ ನೋಡ್ಕೊಳ್ಳೋದು ಇವುಗಳ ಕೆಲಸ. ನಮ್ಮ ಕಡೆ ಕೆರೆಗೆ ನೀರುಗಂಟಿ ಇರ್ತಿದ್ನಲ್ಲ, ಗದ್ದೇಲಿ ನೀರು ಕಮ್ಮಿ ಆದ್ರೆ ತೂಬು ಎತ್ತಬೇಕು, ಸಾಕಾದ್ರೆ ಇಳಿಸಬೇಕು, ಹಂಗೆ. ಕೆರೆ ಅಂದ್ರೆ ಮೂಳೆ, ಗದ್ದೆ ಅಂದ್ರೆ ರಕ್ತ. ಕ್ಯಾಲ್ಸಿಯಂ ಕಮ್ಮಿ ಆದ್ರೆ ಪಿಟಿಎಚ್ ಅನ್ನೋ ಹಾರ್ಮೋನ್ ಬಿಟ್ಟು ಮೂಳೆಯಿಂದ ಎಳೀತವೆ, ಮೂತ್ರದಲ್ಲಿ ಹೋಗೋದನ್ನ ತಡೀತವೆ, ವಿಟಮಿನ್ ಡಿ ಚುರುಕು ಮಾಡಿ ಕರುಳಿಂದ ಹೀರಿಸ್ತವೆ. ನಾಲ್ಕರಲ್ಲಿ ಒಂದು ಗ್ರಂಥಿ ಗಡ್ಡೆಯಾಗಿ ಬೆಳೆದ್ರೆ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ ಗಡ್ಡೆ, ಆ ನೀರುಗಂಟಿ ಕುಡಿದು ತೂಬು ಎತ್ತಿಟ್ಟು ಮಲಗಿದಂಗೆ. ಗದ್ದೆ ತುಂಬಿ ಹರೀತಿದ್ರೂ ಇಳಿಸೋರಿಲ್ಲ. ಕೆರೆ ಖಾಲಿ, ಮೂಳೆ ಮುರಿಯತ್ತೆ. ಹೆಚ್ಚುವರಿ ಕ್ಯಾಲ್ಸಿಯಂ ಕಿಡ್ನಿಲಿ ಕಲ್ಲು ಕಟ್ಟತ್ತೆ, ಕರುಳು ಜಡ ಆಗತ್ತೆ, ಮನಸ್ಸು ಮಂಕಾಗತ್ತೆ. ಪ್ರೈಮರಿ ಹೈಪರ್‌ಪ್ಯಾರಾಥೈರಾಯ್ಡಿಸಂ ಅಂತಾರೆ. ನೂರು ಜನ ಪೇಷಂಟ್‌ಗಳಲ್ಲಿ ಎಂಬತ್ತಕ್ಕಿಂತ ಜಾಸ್ತಿ ಜನಕ್ಕೆ ಒಂದೇ ಗ್ರಂಥಿ ಕೆಟ್ಟಿರತ್ತೆ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಅದರಲ್ಲೂ ಮುಟ್ಟು ನಿಂತ ಮೇಲೆ. ಕ್ಯಾಲ್ಸಿಯಂ 13 ಇದ್ದಾಗ ಒಳ್ಳೇ ಗ್ರಂಥಿಗಳು ಬಾಯಿ ಮುಚ್ಕೊಂಡು ಕೂತಿರಬೇಕು, ಪಿಟಿಎಚ್ ನೆಲಕ್ಕೆ ಇಳಿದಿರಬೇಕು. 338 ಇತ್ತು ಅಂದ್ರೆ ಕೇಸು ಅಲ್ಲೇ ಮುಗೀತು, ಹೆಚ್ಚುಕಮ್ಮಿ.

ಈಗ ನನ್ನ ಮುಖ್ಯ ವಿಷಯ. ಇದಕ್ಕೂ ಆಟೋಇಮ್ಯೂನ್ ಕಾಯಿಲೆಗೂ ಏನು ಸಂಬಂಧ? ಗೊತ್ತಾದ ಮೇಲೆ ನಾನು ಹುಚ್ಚು ಹಿಡಿದೋನ ಥರ ಓದಿದೆ, ಗೊತ್ತಿರೋ ಡಾಕ್ಟರ್‌ಗಳ ತಲೆ ತಿಂದೆ. ಆಟೋಇಮ್ಯೂನ್ ಇರೋದ್ರಿಂದಲೇ ಪ್ಯಾರಾಥೈರಾಯ್ಡ್ ಕೆಟ್ಟಿತು ಅಂತ ನಾನು ಹೇಳ್ತಾ ಇಲ್ಲ, ಹಂಗೆ ಸಾಬೀತೂ ಆಗಿಲ್ಲ. ಆದ್ರೆ ಎರಡೂ ಒಬ್ಬರಲ್ಲೇ ಕಾಣಿಸ್ಕೊಳ್ಳೋದು ಅಪರೂಪ ಅಲ್ಲ, ಅದರಲ್ಲೂ ಹಾಶಿಮೋಟೊ ಜೊತೆ ಪ್ಯಾರಾಥೈರಾಯ್ಡ್ ಗಡ್ಡೆ ಸಿಗೋದು ಸರ್ಜನ್‌ಗಳಿಗೆ ಹಳೇ ಅನುಭವ. ಎರಡೂ ಅದೇ ವಯಸ್ಸಿನ ಹೆಂಗಸರಿಗೆ ಜಾಸ್ತಿ ಬರೋದ್ರಿಂದ ಇರಬಹುದು, ಥೈರಾಯ್ಡ್‌ಗೆ ಅಂತ ಕುತ್ತಿಗೆ ಸ್ಕ್ಯಾನ್ ಮಾಡಿದಾಗ ಇದೂ ಕಣ್ಣಿಗೆ ಬೀಳೋದ್ರಿಂದ ಇರಬಹುದು.

ಆಟೋಇಮ್ಯೂನಿಟಿ ನೇರವಾಗೇ ಕೈ ಹಾಕೋ ಒಂದು ಅಪರೂಪದ ಕಾಯಿಲೆನೂ ಇದೆ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಅಂತ ಗ್ರಂಥಿಗೆ ತಿಳಿಸೋ ಒಂದು ಸೆನ್ಸರ್ ಇದೆ, ವಿಜ್ಞಾನಿಗಳು ಅದನ್ನ 1993ರಲ್ಲಿ ಗುರುತಿಸಿದ್ರು. ಕೆಲವರಲ್ಲಿ ಆ ಸೆನ್ಸರ್‌ಗೇ ಆಂಟಿಬಾಡಿ ಹುಟ್ಟಿ ಅದರ ಕಣ್ಣು ಕಟ್ಟಿಬಿಡತ್ತೆ, ಕ್ಯಾಲ್ಸಿಯಂ ಸಾಕಷ್ಟಿದ್ರೂ ಕಾಣ್ಸಲ್ಲ, ಪಿಟಿಎಚ್ ಏರ್ತಾ ಹೋಗತ್ತೆ. 2003ರಲ್ಲಿ ಇದನ್ನ ಮೊದಲು ವರದಿ ಮಾಡಿದಾಗ ಆ ಪೇಷಂಟ್‌ಗಳ ಮನೇಲಿ ಬೇರೆ ಆಟೋಇಮ್ಯೂನ್ ಕಾಯಿಲೆಗಳೂ ಇದ್ವು. ಇಂಥವರಿಗೆ ಮೂತ್ರದಲ್ಲಿ ಕ್ಯಾಲ್ಸಿಯಂ ಕಮ್ಮಿ ಹೋಗತ್ತೆ, ಗಡ್ಡೆ ಇರಲ್ಲ, ಆಪರೇಷನ್ ಮಾಡಿದ್ರೆ ಪ್ರಯೋಜನ ಇಲ್ಲ. ಅದಕ್ಕೇ ಆಪರೇಷನ್‌ಗೆ ಮುಂಚೆ 24 ಗಂಟೆ ಮೂತ್ರ ಹಿಡಿದು ಕ್ಯಾಲ್ಸಿಯಂ ನೋಡೋದು. ನಾವೂ ಐದು ಲೀಟರ್ ಕ್ಯಾನ್ ಅನ್ನ ಕೊಬ್ಬರಿ ಚೀಲದೊಳಗೆ ಇಟ್ಕೊಂಡು ಟ್ರೇನಲ್ಲಿ ಬೆಂಗಳೂರಿಗೆ ಹೋದ್ವಿ, ಪಕ್ಕದಲ್ಲಿ ಕೂತೋರು "ಏನ್ ಸಾರ್, ಎಳನೀರಾ?" ಅಂದ್ರು. ಅಷ್ಟು ದಿನ ಆದ್ಮೇಲೆ ಅಮ್ಮ ನಕ್ಕಿದ್ದು ಅವತ್ತೇ.

ಲೂಪಸ್ ಅನ್ನೋ ಇನ್ನೊಂದು ಆಟೋಇಮ್ಯೂನ್ ಕಾಯಿಲೆ ಇರೋರಿಗೆ ಕಿಡ್ನಿ ಕೆಟ್ರೆ ಅದರ ಹಿಂದೆ ಪಿಟಿಎಚ್ ಏರತ್ತೆ. ಗೋಧಿ ಜಾಸ್ತಿ ತಿನ್ನೋ ಉತ್ತರ ಭಾರತದ ಕಡೆ ಜಾಸ್ತಿ ಕಾಣೋ ಸೀಲಿಯಾಕ್ ಅನ್ನೋ ಗೋಧಿ ಒಗ್ಗದ ಕಾಯಿಲೇಲಿ ಕರುಳು ವಿಟಮಿನ್ ಡಿ, ಕ್ಯಾಲ್ಸಿಯಂ ಹೀರದೆ ಪಿಟಿಎಚ್ ಏರತ್ತೆ. ಇವು ಸೆಕೆಂಡರಿ, ಅಂದ್ರೆ ನೀರುಗಂಟಿ ಸರಿಯಾಗೇ ಇದಾನೆ, ಗದ್ದೆ ಒಣಗಿರೋದಕ್ಕೆ ತೂಬು ಎತ್ತಿದಾನೆ. ಬರೀ ವಿಟಮಿನ್ ಡಿ ಕಮ್ಮಿ ಆದ್ರೂ ಹಿಂಗಾಗತ್ತೆ. ಅದಕ್ಕೇ ಈ ಪತ್ರ ಓದಿ ಯಾರಾದ್ರೂ ತಾವೇ ಹೋಗಿ ಪಿಟಿಎಚ್ ಮಾಡಿಸ್ಕೊಂಡು ಸ್ವಲ್ಪ ಜಾಸ್ತಿ ಬಂತು ಅಂತ ಗಾಬರಿ ಬೀಳ್ಬೇಡಿ, ಕ್ಯಾಲ್ಸಿಯಂ ಪಕ್ಕದಲ್ಲಿಟ್ಟು ನೋಡದೆ ಪಿಟಿಎಚ್‌ಗೆ ಅರ್ಥ ಇಲ್ಲ. ಇನ್ನು ಸಾರ್ಕಾಯ್ಡ್ ಅನ್ನೋ, ಮೈಯೊಳಗೆ ಉರಿಯೂತದ ಗಂಟು ಕಟ್ಟೋ ಕಾಯಿಲೇಲೋ ಟಿಬಿಲೋ ಕ್ಯಾಲ್ಸಿಯಂ ಏರಿದ್ರೆ ಪಿಟಿಎಚ್ ಕೆಳಗಿರತ್ತೆ. ಹಂಗಾಗಿ ಕ್ಯಾಲ್ಸಿಯಂ ಏರಿದಾಗ ದಾರಿ ಎಲ್ಲಿಗೆ ಅಂತ ಹೇಳೋ ಕೈಮರ ಈ ಒಂದೇ ಟೆಸ್ಟು.

ಆದ್ರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಬಂಧ ಪುಸ್ತಕದಲ್ಲಿಲ್ಲ, ಫೈಲ್‌ನಲ್ಲಿದೆ. ಆಟೋಇಮ್ಯೂನ್ ಕಾಯಿಲೆ ಈ ಕಾಯಿಲೆಯನ್ನ ಮರೆ ಮಾಡತ್ತೆ. ಸುಸ್ತು, ಮೂಳೆನೋವು, ಮಂಕು, ಖಿನ್ನತೆ ಎರಡರಲ್ಲೂ ಒಂದೇ. ಪ್ಯಾರಾಥೈರಾಯ್ಡ್ ಕೆಟ್ಟವರಿಗೆ ಕೀಲಲ್ಲಿ ಕ್ಯಾಲ್ಸಿಯಂ ಹರಳು ಕೂತು ಊದ್ಕೊಳ್ಳೋದೂ ಉಂಟಂತೆ, ನೋಡಿದ್ರೆ ಆರ್ಥ್ರೈಟಿಸ್ ಥರಾನೇ. ಮೂಳೆ ಸವೆದ್ರೆ ಬೈಯೋಕೆ ಸ್ಟೀರಾಯ್ಡ್ ರೆಡಿ ಇದೆ. ಅದೂ ಸಾಲದು ಅಂತ ಲೆಕ್ಕದಲ್ಲೂ ಮರೆ ಮಾಡತ್ತೆ. 2017ರ ರಿಪೋರ್ಟ್ ನೆನಪಿದೆಯಲ್ಲ, ಕ್ಯಾಲ್ಸಿಯಂ 10.3, ನಾರ್ಮಲ್ ಒಳಗೇ ಇತ್ತು, ಎಚ್ ಬಂದಿರ್ಲಿಲ್ಲ. ಅದೇ ಪೇಪರ್ ಕೆಳಗೆ ಆಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್ 3.0 ಅಂತ ಇದೆ. ರಕ್ತದ ಕ್ಯಾಲ್ಸಿಯಂನಲ್ಲಿ ಅರ್ಧದ ಹತ್ರ ಆಲ್ಬುಮಿನ್‌ಗೆ ಅಂಟ್ಕೊಂಡಿರತ್ತೆ, ಆರ್ಥ್ರೈಟಿಸ್ ಥರ ಉರಿಯೂತ ಬಹಳ ದಿನ ಇದ್ದವರಿಗೆ ಆಲ್ಬುಮಿನ್ ಇಳಿಯತ್ತೆ, ಒಟ್ಟು ಕ್ಯಾಲ್ಸಿಯಂ ಇರೋದಕ್ಕಿಂತ ಕಮ್ಮಿ ಕಾಣತ್ತೆ. ಅದಕ್ಕೆ ಆಲ್ಬುಮಿನ್ 4ಕ್ಕಿಂತ ಎಷ್ಟು ಕಮ್ಮಿ ಇದೆಯೋ ಅದನ್ನ 0.8ರಿಂದ ಗುಣಿಸಿ ಕೂಡಬೇಕು. 4ರಲ್ಲಿ 3 ಕಳೆದ್ರೆ 1, ಗುಣಿಸು 0.8, ಕೂಡು 10.3, ಬಂತು 11.1. ನಮ್ಮ ಎಂಟನೇ ಕ್ಲಾಸ್ ಹುಡುಗರು ಬಾಯಲ್ಲೇ ಮಾಡ್ತಾರೆ. ಇದು ಅಂದಾಜು ಲೆಕ್ಕ, ಅಯಾನೈಸ್ಡ್ ಕ್ಯಾಲ್ಸಿಯಂ, ಅಂದ್ರೆ ಯಾವುದಕ್ಕೂ ಅಂಟದೆ ಬಿಡಿಯಾಗಿರೋ ಕ್ಯಾಲ್ಸಿಯಂ, ಅಳೆದ್ರೆ ಪಕ್ಕಾ ಅಂತ ಆಮೇಲೆ ಗೊತ್ತಾಯ್ತು. ಆದ್ರೂ ಈ ಅಂದಾಜು ಸಾಕಿತ್ತು. 2017ರಲ್ಲೇ ಸಿಕ್ಕಿಬೀಳ್ತಿದ್ದ ಕಳ್ಳ ಐದು ವರ್ಷ ಮನೇಲೇ ಓಡಾಡ್ಕೊಂಡಿದ್ದ.

ಇದೇನು ಹೊಸ ಕಾಯಿಲೆನೂ ಅಲ್ಲ. ಈ ಗ್ರಂಥಿನ ಮೊದಲು ಕಂಡವನು ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವನ್, ಅದೂ ಮನುಷ್ಯನಲ್ಲಲ್ಲ, ಲಂಡನ್ ಮೃಗಾಲಯದಲ್ಲಿ ಸತ್ತ ನಮ್ಮ ಭಾರತದ ಒಂದು ಘೇಂಡಾಮೃಗದ ಕುತ್ತಿಗೇಲಿ, 1850ರ ಸುಮಾರಿಗೆ. ಮನುಷ್ಯನಲ್ಲಿ ಸರಿಯಾಗಿ ಗುರುತಿಸಿ 1880ರಲ್ಲಿ ಬರೆದದ್ದು ಸ್ವೀಡನ್ನಿನ ಉಪ್ಸಾಲಾದಲ್ಲಿದ್ದ ಸ್ಯಾಂಡ್‌ಸ್ಟ್ರೋಮ್. 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮ್ಯಾಂಡ್ಲ್ ಅನ್ನೋ ಸರ್ಜನ್ ಹತ್ರ ಒಬ್ಬ ಟ್ರಾಮ್ ಕಂಡಕ್ಟರ್ ಬಂದ, ಮೂಳೆಯೆಲ್ಲ ಟೊಳ್ಳು, ತೊಡೆ ಮುರಿದಿದೆ, ಮೂತ್ರದಲ್ಲಿ ಬಿಳಿ ಗಸಿ. ಆ ಕಾಲದಲ್ಲಿ ಮೂಳೆ ಕೆಟ್ಟಿದ್ದಕ್ಕೆ ಸಹಾಯಕ್ಕೆ ಅಂತ ಪ್ಯಾರಾಥೈರಾಯ್ಡ್ ಊದ್ಕೊಳ್ಳತ್ತೆ ಅಂತ ನಂಬಿದ್ರು. ಅದಕ್ಕೆ ಮ್ಯಾಂಡ್ಲ್ ಮೊದಲು ಅದೇ ಗ್ರಂಥಿಯ ಸಾರ ಕೊಟ್ಟ, ಬೇರೆಯವರ ಗ್ರಂಥಿ ತಂದು ಕಸಿನೂ ಮಾಡಿದ, ಗುಣ ಕಾಣ್ಲಿಲ್ಲ. ಕೊನೆಗೆ ಉಲ್ಟಾ ಯೋಚನೆ ಮಾಡಿ ಕುತ್ತಿಗೆ ತೆರೆದು ಗಡ್ಡೆ ತೆಗೆದ, ಆ ಕಂಡಕ್ಟರ್ ಮತ್ತೆ ಕೋಲು ಹಿಡಿದು ನಡೆದಾಡೋ ಹಂಗಾದ. ಇದನ್ನ ಓದಿದಾಗ ನನಗೆ ಭಾನುವಾರದ ಸ್ಯಾಚೆ ನೆನಪಾಯ್ತು. ಮ್ಯಾಂಡ್ಲ್‌ಗೆ ಗೊತ್ತಿರ್ಲಿಲ್ಲ ಪಾಪ, ಆಗ ಪಿಟಿಎಚ್ ಅಳೆಯೋ ದಾರಿನೇ ಇರ್ಲಿಲ್ಲ, ಅದು ಬರ್ಸನ್ ಮತ್ತೆ ಯಾಲೋ ಅನ್ನೋ ಅಮೆರಿಕದ ವಿಜ್ಞಾನಿಗಳ ಕೈಲಿ ಆಗಿದ್ದು 1963ರಲ್ಲಿ. ನಮಗೆ 2022ರಲ್ಲಿ ಏನು ನೆಪ ಇದೆ?

ಅಮೆರಿಕದಲ್ಲಿ 1970ರ ದಶಕದಲ್ಲಿ ಮೆಷಿನ್‌ಗಳು ಬಂದು ಮಾಮೂಲಿ ರಕ್ತ ಪರೀಕ್ಷೇಲೇ ಕ್ಯಾಲ್ಸಿಯಂ ಸೇರ್ಕೊಂಡ ಮೇಲೆ ಈ ಕಾಯಿಲೆ ಒಮ್ಮೆಲೇ ಜಾಸ್ತಿ ಕಾಣಿಸ್ತಂತೆ. ಜಾಸ್ತಿ ಆಗಿದ್ದು ಕಾಯಿಲೆ ಅಲ್ಲ, ನೋಡೋರು. ಅಲ್ಲಿ ಈಗ ಬಹಳಷ್ಟು ಜನಕ್ಕೆ ಯಾವ ಲಕ್ಷಣನೂ ಇಲ್ಲದಾಗಲೇ ಸಿಕ್ಕಿಬಿಡತ್ತೆ. ನಮ್ಮ ದೇಶದಲ್ಲಿ ಇನ್ನೂ ಮೂಳೆ ಮುರಿದ್ಕೊಂಡು, ಕಿಡ್ನೀಲಿ ಕಲ್ಲು ಕಟ್ಟಿಸ್ಕೊಂಡು, ಅದೂ ಅಲ್ಲಿಗಿಂತ ಚಿಕ್ಕ ವಯಸ್ಸಲ್ಲಿ ಬರ್ತಾರೆ ಪೇಷಂಟ್‌ಗಳು. ನಮ್ಮ ಎಂಡೋಕ್ರೈನ್, ಅಂದ್ರೆ ಹಾರ್ಮೋನ್ ಕಾಯಿಲೆ ನೋಡೋ ಡಾಕ್ಟರ್‌ಗಳೇ ವರ್ಷಾನುಗಟ್ಲೆಯಿಂದ ಬರೆದು ಬರೆದು ಇಟ್ಟಿದಾರೆ ಇದನ್ನ.

ಅಮ್ಮನಿಗೆ ಜುಲೈಲಿ ಆಪರೇಷನ್ ಆಯ್ತು. ಸೆಸ್ಟಾಮಿಬಿ ಅನ್ನೋ ಸ್ಕ್ಯಾನ್‌ನಲ್ಲಿ ಎಡಗಡೆ ಕೆಳಗಿನದ್ದು ಹೊಳೀತಿತ್ತು. ಕುತ್ತಿಗೇಲಿ ಎರಡು ಬೆರಳಗಲ ಗಾಯ. ತೆಗೆದದ್ದನ್ನ ಬಾಟಲಲ್ಲಿ ತೋರಿಸಿದ್ರು, ದೊಡ್ಡ ಗೋಡಂಬಿ ಅಷ್ಟಿತ್ತು, ಅದರ ಗಾತ್ರಕ್ಕೆ ನಮ್ಮ ಹತ್ತು ವರ್ಷ ಹೋಲಿಸಿದ್ರೆ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ಪಿಟಿಎಚ್ ರಕ್ತದಲ್ಲಿ ಕೆಲವೇ ನಿಮಿಷ ಬದುಕೋ ಹಾರ್ಮೋನಾದ್ರಿಂದ ಆಪರೇಷನ್ ಟೇಬಲ್ ಮೇಲೇ ಹತ್ತು ನಿಮಿಷ ಬಿಟ್ಟು ರಕ್ತ ತೆಗೆದು ಅರ್ಧಕ್ಕಿಂತ ಇಳೀತಾ ಅಂತ ನೋಡ್ತಾರೆ, ಇಳೀತು. ಎರಡನೇ ದಿನ ತುಟಿ ಜುಮ್ಮೆನ್ನೋಕೆ ಶುರು, ಹಸಿದಿದ್ದ ಮೂಳೆಗಳು ರಕ್ತದ ಕ್ಯಾಲ್ಸಿಯಂ ಎಲ್ಲ ನುಂಗೋಕೆ ಹತ್ತಿದ್ವು, ಆಗ ಕ್ಯಾಲ್ಸಿಯಂ ಮಾತ್ರೆ ಮುಷ್ಟಿಗಟ್ಟಲೆ ಬೇಕಾಯ್ತು. ಕೊಡಬಾರದಾಗ ಕೊಟ್ಟಿದ್ದೂ ಅದೇ ಮಾತ್ರೆ, ಕೊಡಬೇಕಾದಾಗ ಕೊಟ್ಟಿದ್ದೂ ಅದೇ.

ಒಂದು ವಿಷಯ ನಿಯತ್ತಾಗಿ ಹೇಳ್ಬೇಕು, ಯಾಕಂದ್ರೆ ಈ ಆಪರೇಷನ್ ಮಾಡಿಸಿದ್ರೆ ಆಟೋಇಮ್ಯೂನೇ ಮಾಯ ಆಗತ್ತೆ ಅಂತ ಯಾರೋ ವಾಟ್ಸಾಪಲ್ಲಿ ಕಳಿಸಿದ್ರು. ಹಂಗೇನಿಲ್ಲ. ಅಮ್ಮನ ಆರ್ಥ್ರೈಟಿಸ್ ಅಲ್ಲೇ ಇದೆ, ಮೆಥೋಟ್ರೆಕ್ಸೇಟ್ ನಡೀತಿದೆ, ಥೈರಾಯ್ಡ್ ಮಾತ್ರೆನೂ ಇದೆ. ಆದ್ರೆ ಆ ಬಾಯಾರಿಕೆ, ರಾತ್ರಿ ಏಳೋದು, ಮಲಬದ್ಧತೆ, ಸುತ್ತಿಗೆ ನೋವು, ಅಳು, ಇವು ಹೋದ್ವು, ಆಮೇಲೆ ಸ್ಟೋನೂ ಇಲ್ಲ. ಅಂದ್ರೆ ಆರು ವರ್ಷ ಯಾವುದನ್ನ ಆಟೋಇಮ್ಯೂನ್ ಅಂತ ಬರೆದಿದ್ರೋ ಅದರಲ್ಲಿ ಅರ್ಧಕ್ಕರ್ಧ ಆಟೋಇಮ್ಯೂನ್ ಆಗಿರ್ಲಿಲ್ಲ. ಕಿಡ್ನಿಗೆ ಆದ ಏಟು ಮಾತ್ರ ಪೂರ್ತಿ ವಾಪಸ್ ಬಂದಿಲ್ಲ, ಕಿಡ್ನಿ ಹೆಂಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಇನ್ನೂ ಸ್ವಲ್ಪ ಮೇಲೇ ಇದೆ.

ಡಾಕ್ಟರ್‌ಗಳೇ, ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಹೊರಗಡೆ ಎಂಬತ್ತು ಜನ ಟೋಕನ್ ಹಿಡ್ಕೊಂಡು ಕೂತಿರ್ತಾರೆ, ಒಬ್ಬೊಬ್ಬರಿಗೆ ನಾಲ್ಕು ನಿಮಿಷ, ಅದರಲ್ಲಿ ನಮ್ಮಂಥವರ ಪುರಾಣ ಬೇರೆ. ಒಬ್ಬೊಬ್ಬರೂ ನಿಮ್ಮ ನಿಮ್ಮ ಭಾಗ ಸರಿಯಾಗೇ ನೋಡಿದ್ರಿ. ಕೀಲಿನವರು ಕೀಲು, ಥೈರಾಯ್ಡ್‌ನವರು ಟಿಎಸ್‌ಎಚ್, ಸ್ಟೋನಿನವರು ಸ್ಟೋನು, ಮೂಳೆಯವರು ಮೂಳೆ. ಕ್ಯಾಲ್ಸಿಯಂ ಮಾತ್ರ ಯಾರ ಡಿಪಾರ್ಟ್‌ಮೆಂಟೂ ಅಲ್ಲದೆ ಅನಾಥ ಆಯ್ತು. ಹಂಗಾಗಿ ನಾನು ಕೇಳ್ಕೊಳ್ಳೋದು ಸಣ್ಣದು. ಎರಡನೇ ಸಲ ಸ್ಟೋನ್ ಬಂದ ಪೇಷಂಟ್‌ಗೆ, ಸಣ್ಣ ಏಟಿಗೇ ಮೂಳೆ ಮುರಿದ್ಕೊಂಡವರಿಗೆ, ಔಷಧಿ ಕೆಲಸ ಮಾಡಿ ಊತ ಇಳಿದ್ರೂ ಸುಸ್ತು ಇಳೀದ ಆರ್ಥ್ರೈಟಿಸ್, ಲೂಪಸ್, ಹಾಶಿಮೋಟೊ ಪೇಷಂಟ್‌ಗೆ ಕ್ಯಾಲ್ಸಿಯಂ, ಆಲ್ಬುಮಿನ್ ಎರಡೂ ಒಟ್ಟಿಗೆ ಬರೀರಿ. ಜಾಸ್ತಿ ಬಂದ್ರೆ ಇನ್ನೊಂದ್ಸಲ ನೋಡಿ, ಮತ್ತೆ ಜಾಸ್ತಿನೇ ಬಂದ್ರೆ ಪಿಟಿಎಚ್ ಬರೀರಿ. ಕ್ಯಾಲ್ಸಿಯಂ ಮಾತ್ರೆ, ಸ್ಯಾಚೆ ಬರೆಯೋ ಮುಂಚೆ ಹಳೇ ರಿಪೋರ್ಟಲ್ಲಿ ಆ ಒಂದು ಸಾಲು ನೋಡಿ. ವಿಟಮಿನ್ ಡಿ ಕೊಡಲೇಬಾರದು ಅಂತ ನಾನು ಹೇಳ್ತಿಲ್ಲ, ಈ ಕಾಯಿಲೆ ಇರೋರಿಗೂ ಕಮ್ಮಿ ಇದ್ರೆ ಹುಷಾರಾಗಿ ಕೊಡ್ತಾರಂತೆ, ಆದ್ರೆ ಅಳೀತಾ ಕೊಡ್ತಾರೆ, ಕಣ್ಣು ಮುಚ್ಕೊಂಡಲ್ಲ.

ಲ್ಯಾಬ್ ನಡೆಸೋರೇ, ನಿಮ್ಮ ಕಂಪ್ಯೂಟರಲ್ಲಿ ಕ್ಯಾಲ್ಸಿಯಂ ಇದೆ, ಆಲ್ಬುಮಿನ್ ಇದೆ, ಸರಿಪಡಿಸಿದ ಕ್ಯಾಲ್ಸಿಯಂ ಅಂತ ಮೂರನೇ ಸಾಲು ಪ್ರಿಂಟ್ ಮಾಡೋಕೆ ಏನು ಖರ್ಚು? ಕೊಲೆಸ್ಟ್ರಾಲ್‌ದು ಇಲ್ಲದ ಅನುಪಾತಗಳೆಲ್ಲ ನಾಲ್ಕು ಸಾಲು ಬರ್ತವೆ, ಯಾರೂ ಕೇಳಿರಲ್ಲ.

ಮಾನ್ಯ ಸಚಿವರೇ, ನಿಮ್ಮಲ್ಲಿ ನನ್ನ ವಿನಂತಿ ಬೇರೆ. ನಮ್ಮ ತಾಲ್ಲೂಕಲ್ಲಿ ನಾವು ವಿಚಾರಿಸಿದ ಯಾವ ಲ್ಯಾಬಲ್ಲೂ ಪಿಟಿಎಚ್ ಇರ್ಲಿಲ್ಲ, ಬೆಂಗಳೂರಿಗೆ ಕಳಿಸ್ಬೇಕು ಅಂದ್ರು, ಆ ಸ್ಯಾಂಪಲ್ ಬೇರೆ ತಣ್ಣಗಿಟ್ಟು ಬೇಗ ಮುಟ್ಟಿಸ್ಬೇಕು, ಬಿಸಿಲಲ್ಲಿ ಡಬ್ಬೀಲಿ ಬಿದ್ದಿದ್ರೆ ಬರೋ ನಂಬರಿಗೂ ಬೆಲೆ ಇಲ್ಲ. ಒಂದೊಂದು ಜಿಲ್ಲಾಸ್ಪತ್ರೆ ಲ್ಯಾಬಲ್ಲಾದ್ರೂ ಪಿಟಿಎಚ್, ವಿಟಮಿನ್ ಡಿ, ಅಯಾನೈಸ್ಡ್ ಕ್ಯಾಲ್ಸಿಯಂ ಸಿಗೋ ಹಂಗೆ ಮಾಡ್ಸಿ. ಬಿಪಿ, ಶುಗರ್ ನೋಡೋಕೆ ಮನೆ ಬಾಗಿಲಿಗೆ ಬರೋ ವ್ಯವಸ್ಥೆ ಮಾಡ್ತಿದೀರಿ, ಒಳ್ಳೇ ಕೆಲಸ, ಎಲ್ಲರಿಗೂ ಕ್ಯಾಲ್ಸಿಯಂ ನೋಡಿ ಅಂತ ನಾನು ಕೇಳಲ್ಲ, ಕಲ್ಲು ಅಥವಾ ಮುರಿದ ಮೂಳೆ ಅಂತ ಸರ್ಕಾರಿ ಆಸ್ಪತ್ರೆಗೆ ಬರೋ ಐವತ್ತು ದಾಟಿದ ಹೆಂಗಸರಿಗೆ ಮಾತ್ರ ಆದ್ರೂ ಅದನ್ನ ಕಡ್ಡಾಯ ಮಾಡ್ಸಿ. ಇನ್ನೊಂದು, ಪೇಷಂಟ್ ಕೈಗೆ ಕೊಡೋ ರಿಪೋರ್ಟಲ್ಲಿ ಆ ಇಂಗ್ಲಿಷ್ 'ಎಚ್' ಬದಲು, ಇಲ್ಲಾಂದ್ರೆ ಅದರ ಜೊತೆಗೇ, ಕನ್ನಡದಲ್ಲಿ 'ಜಾಸ್ತಿ ಇದೆ, ಡಾಕ್ಟರನ್ನ ಕೇಳಿ' ಅಂತ ಪ್ರಿಂಟ್ ಮಾಡ್ಸಿ. ನಾನು ಓದಿದೋನೇ ತಪ್ಪು ತಿಳ್ಕೊಂಡೆ, ನಮ್ಮಮ್ಮ ನಾಲ್ಕನೇ ಕ್ಲಾಸು.

ಆ ರಾತ್ರಿ ನೆಲದ ಮೇಲೆ ಫೈಲ್ ಹರಡಿ ಕೂತ ಹುಡುಗಿಗೆ ನಾನು ಥ್ಯಾಂಕ್ಸ್ ಹೇಳೋಕೂ ಆಗ್ಲಿಲ್ಲ, ಬೆಳಿಗ್ಗೆ ಹೋಗೋದ್ರೊಳಗೆ ಡ್ಯೂಟಿ ಬದಲಾಗಿತ್ತು. ಈ ಪತ್ರ ಕಂಡ್ರೆ, ತಾಯಿ, ನಮ್ಮಮ್ಮ ಈಗ ಮನೆಮಂದಿಗೆಲ್ಲ ಅಲ್ಲದಿದ್ರೂ ನಾಲ್ಕು ಜನಕ್ಕೆ ಆಗೋಷ್ಟು ಮುದ್ದೆ ತಿರುವ್ತಾಳೆ.

ರಿಪೋರ್ಟ್‌ಗಳ ಪಟ್ಟಿ ತಾರೀಖು ಸಮೇತ ನನ್ನ ಹತ್ರ ಇದೆ, ಇಲಾಖೆಯವರು ಯಾರಾದ್ರೂ ನೋಡ್ತೀವಿ ಅಂದ್ರೆ ಹೆಸರುಗಳನ್ನ ಮುಚ್ಚಿ ಕೊಡೋಕೆ ಸಿದ್ಧ ಇದೀನಿ.

ಇತಿ ತಮ್ಮ ವಿಶ್ವಾಸಿ,
ತಿಪಟೂರು ಕಡೆಯ ಒಬ್ಬ ಗಣಿತದ ಮೇಷ್ಟ್ರು